ಮಾಡಿಫೈ ಮಾಡಿದ ವಾಹನಕ್ಕೆ ಪ್ರಾಯೋಜಕರನ್ನು ಪಡೆಯುವುದು: ಪತ್ರಕ್ಕೆ ಮೊದಲು ಐದು ಹಂತ, ಅನಂತರ ನಾಲ್ಕು

ವಾಹನಗಳ ಮೇಲೆ ಸ್ಟಿಕ್ಕರ್ ಮತ್ತು ಗ್ರಾಫಿಕ್ಸ್ ಅಂಟಿಸುವುದು ನನ್ನ ಕೆಲಸ. ಜೀಪನ್ನೋ ಬುಲೆಟ್ಟನ್ನೋ ಕೈಯಾರೆ ಸಜ್ಜುಗೊಳಿಸಿದ ಹುಡುಗರು ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಬಂದು, ಅಂಗಡಿಯ ಹೆಸರನ್ನು ವಾಹನದ ಮೇಲೆ ಹಾಕಿಕೊಳ್ಳುತ್ತೇವೆ, ಬದಲಿಗೆ ಹಣವನ್ನೋ ವಸ್ತುವನ್ನೋ ಕೊಡಿ ಎಂದು ತಾವು ಕಳಿಸಿದ ಪ್ರಾಯೋಜಕತ್ವದ ಪತ್ರಗಳಿಗೆ ಉತ್ತರವೇ ಬರಲಿಲ್ಲವೆಂದು ಹೇಳಿಕೊಳ್ಳುತ್ತಾರೆ. ಪತ್ರದ ಭಾಷೆಯಲ್ಲಿ ತಪ್ಪಿರುವುದು ಅಪರೂಪ, ತಪ್ಪಿರುವುದು ಕ್ರಮದಲ್ಲಿ. ಆರನೆಯದಾಗಿ ಮಾಡಬೇಕಾದ ಕೆಲಸವನ್ನು ಎಲ್ಲರೂ ಮೊದಲು ಮಾಡುತ್ತಾರೆ.

ನಮ್ಮೂರಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಒಮ್ಮೆ ಒಬ್ಬ ಹುಡುಗನ ಜೊತೆ ಟಯರ್ ಅಂಗಡಿಯೊಂದಕ್ಕೆ ಹೋಗಿದ್ದೆ. ಅವನು ಮಾತು ಮುಗಿಸುವ ಮೊದಲೇ ಯಜಮಾನರು ಗಲ್ಲಾಪೆಟ್ಟಿಗೆ ತೆರೆದು ಐನೂರರ ನೋಟೊಂದನ್ನು ಮೇಜಿನ ಮೇಲಿಟ್ಟು, "ರಶೀದಿ ಪುಸ್ತಕ ತಂದಿದ್ದೀರಾ ಮಾರಾಯ್ರೆ? ಮೊಸರುಕುಡಿಕೆಗೆ ಇನ್ನೂ ಸಮಯ ಉಂಟಲ್ಲ?" ಎಂದರು. ಯಕ್ಷಗಾನ, ಕಂಬಳ, ಗಣೇಶೋತ್ಸವ, ವಾಲಿಬಾಲ್ ಪಂದ್ಯಾಟಗಳಿಗೆ ವರ್ಷವಿಡೀ ಕೊಟ್ಟು ಅಭ್ಯಾಸವಾದ ಅಂಗಡಿಯವರಿಗೆ ಪ್ರಾಯೋಜಕತ್ವವೆಂದರೆ ವಂತಿಗೆ. ನೀವು ಕೇಳುತ್ತಿರುವುದು ವಂತಿಗೆಯಲ್ಲವೆಂದು ಅವರಿಗೆ ಮನವರಿಕೆಯಾಗಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು.

ಮೊದಲು ಕೂಡಿಸಿಕೊಳ್ಳಬೇಕಾದದ್ದು

ಆರ್‌ಸಿ, ವಿಮಾ ಪಾಲಿಸಿ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರದ ಪ್ರತಿಗಳು, ವಾಹನದ ನಾಲ್ಕು ಬದಿಯ ಫೋಟೊಗಳು, ಬೆಳಗಿನ ಬೆಳಕಿನಲ್ಲಿ, ಹಿಂದೆ ಬಟ್ಟೆ ಒಣಹಾಕಿರದ ಜಾಗದಲ್ಲಿ ತೆಗೆದವು, ಅಳತೆಯ ಟೇಪು, ಒಂದು ನೋಟ್‌ಪುಸ್ತಕ. ಪ್ರಾಯೋಜಕರು ಒಪ್ಪಿದ ಮೇಲೆ ಅವರ ಲಾಂಛನದ ಕೋರಲ್ ಫೈಲನ್ನು (ಎಷ್ಟು ದೊಡ್ಡದು ಮಾಡಿದರೂ ಒಡೆಯದ ವಿನ್ಯಾಸದ ಫೈಲು) ಕೇಳಿ ಪಡೆಯಬೇಕು. ವಾಟ್ಸಾಪ್‌ನಲ್ಲಿ ಬಂದ ಚಿತ್ರವನ್ನು ದೊಡ್ಡದು ಮಾಡಿದರೆ ಅಂಚುಗಳು ಒಡೆದು ಕಾಣುತ್ತವೆ.

ಹಂತ 1: ಕಾಗದಪತ್ರ ಸರಿಮಾಡಿಕೊಳ್ಳುವುದು

ಹೆಚ್ಚಿನವರು ಹಾರಿಬಿಡುವ ಹಂತ ಇದು. ಹೆಚ್ಚಿನ ಪ್ರಾಯೋಜಕರು ಹಿಂದೆ ಸರಿಯುವುದೂ ಇಲ್ಲಿಯೇ. ಅಂಗಡಿಯ ಹೆಸರು ನಿಮ್ಮ ವಾಹನದ ಮೇಲೆ ಬಂದ ದಿನದಿಂದ, ಪೊಲೀಸರು ನಿಮ್ಮನ್ನು ನಿಲ್ಲಿಸಿದಾಗ ಯಾರೋ ತೆಗೆಯುವ ಫೋಟೊದಲ್ಲಿ ಆ ಹೆಸರೂ ಇರುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟು ಆರ್‌ಸಿಯಲ್ಲಿ ದಾಖಲಾಗಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ 182ಎ ಕಲಮು, ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. "ಪ್ರತಿ ಮಾರ್ಪಾಡಿಗೆ" ಎಂಬ ಮಾತನ್ನು ಗಮನಿಸಬೇಕು, ಏಕೆಂದರೆ ಒಂದೇ ಜೀಪಿನಲ್ಲಿ ನಾಲ್ಕು ಬದಲಾವಣೆಗಳಿದ್ದರೆ ದಂಡವೂ ನಾಲ್ಕು ಪಟ್ಟಾಗಬಹುದು.

ಆದ್ದರಿಂದ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ವಾಹನಕ್ಕೆ ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಬರೆಯಿರಿ. ಮೊದಲನೆಯದರಲ್ಲಿ ಸೀಟ್ ಕವರ್, ಮ್ಯಾಟ್, ಒಳಗಿನ ಸಂಗೀತ ವ್ಯವಸ್ಥೆಯಂಥ ನಿರುಪದ್ರವಿಗಳು. ಎರಡನೆಯದರಲ್ಲಿ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಾಗಬೇಕಾದವು: ಬಣ್ಣ, ಬದಲಿಸಿದ ಎಂಜಿನ್, ಸಿಎನ್‌ಜಿ ಕಿಟ್. ಇಡೀ ಮೈಗೆ ಬೇರೆ ಬಣ್ಣದ ವಿನೈಲ್ (ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆ) ಸುತ್ತಿಸಿದರೂ ನೋಡುವವರಿಗೆ ಬಣ್ಣ ಬದಲಾದಂತೆಯೇ. ಅದನ್ನೂ ಇಲ್ಲಿಯೇ ಬರೆಯಿರಿ. ಮೂರನೆಯದರಲ್ಲಿ ತೆಗೆದುಹಾಕಲೇಬೇಕಾದವು: ಕಿವಿಗಡಚಿಕ್ಕುವ ಸೈಲೆನ್ಸರ್, ಹಲವು ಸ್ವರದ ಹಾರ್ನ್, ಚಿತ್ತಾರದ ನಂಬರ್ ಪ್ಲೇಟ್, ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ಪಟ್ಟಿ, ಕಾರಿನ ಮುಂದೆ ಕೂಡಿಸುವ ಲೋಹದ ಅಡ್ಡಪಟ್ಟಿಯಾದ ಬುಲ್ ಬಾರ್. ಬುಲ್ ಬಾರುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು.

ವಾಣಿಜ್ಯ ಜಾಹೀರಾತನ್ನು ಹೊತ್ತು ರಸ್ತೆಯಲ್ಲಿ ಓಡಿಸುವ ವಿಚಾರವನ್ನು, ವಾಹನ ಕೆಎ-19 ಆಗಿದ್ದರೆ ಮಂಗಳೂರಿನ, ಕೆಎ-20 ಆಗಿದ್ದರೆ ಉಡುಪಿಯ ಆರ್‌ಟಿಒ ಕಚೇರಿಯಲ್ಲಿ ಲಿಖಿತ ಅರ್ಜಿಯ ಮೂಲಕವೇ ಕೇಳಿ, ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಸಿಕ್ಕ "ತೊಂದರೆ ಇಲ್ಲ" ಎಂಬ ಉತ್ತರ ಪಣಂಬೂರಿನ ಪೊಲೀಸ್ ತಪಾಸಣೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಾರ್ಪಾಡುಗಳನ್ನು ವಿಮಾ ಕಂಪನಿಗೂ ತಿಳಿಸಬೇಕು; ತಿಳಿಸದಿದ್ದರೆ ಅಪಘಾತದ ಪರಿಹಾರ ಕೇಳುವಾಗ ತಕರಾರು ಬರುತ್ತದೆ.

ರಸ್ತೆಗೆ ಇಳಿಸಲಾಗದಷ್ಟು ಬದಲಾಯಿಸಿದ ವಾಹನವಾದರೆ ಅದನ್ನು ಪ್ರದರ್ಶನಕ್ಕೆಂದೇ ಇಟ್ಟುಕೊಂಡು, ಲಾರಿಯ ಮೇಲೆ ಹೇರಿಕೊಂಡು ಹೋಗಿ. ಆ ಸಾಗಾಟದ ಖರ್ಚು ಐದನೆಯ ಹಂತದಲ್ಲಿ ನಿಮ್ಮ ಬೆಲೆಯೊಳಗೆ ಸೇರುತ್ತದೆ.

ಹಂತ 2: ವಾಹನದ ಮೈಯನ್ನು ಅಳೆಯುವುದು

"ಎಲ್ಲಿ ಬೇಕಾದರೂ ಹಾಕಿಕೊಳ್ಳಿ" ಎನ್ನುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ. ವಾಹನದ ನಾಲ್ಕು ಬದಿಯ ರೇಖಾಚಿತ್ರ ಬರೆದು, ಸಮತಟ್ಟಾದ ಜಾಗಗಳಿಗೆ ಅ, ಆ, ಇ ಎಂದು ಗುರುತು ಕೊಟ್ಟು, ಪ್ರತಿಯೊಂದರ ಉದ್ದಗಲವನ್ನು ಇಂಚುಗಳಲ್ಲಿ ಬರೆಯಿರಿ. ಬೈಕಿನಲ್ಲಿ ಟ್ಯಾಂಕಿನ ಎರಡು ಬದಿ, ಸೈಡ್ ಪ್ಯಾನೆಲ್ ಮತ್ತು ಹಿಂದಿನ ಮಡ್‌ಗಾರ್ಡ್ ಬಿಟ್ಟರೆ ಮಾರುವಂಥ ಜಾಗ ಹೆಚ್ಚೇನೂ ಉಳಿಯುವುದಿಲ್ಲ.

ಗಾಜನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜಿನ ಮೂಲಕ ಶೇ 50ರಷ್ಟು ಬೆಳಕು ಹಾಯಬೇಕೆಂಬ ನಿಯಮವಿದೆ. ನಂಬರ್ ಪ್ಲೇಟ್, ದೀಪ ಮತ್ತು ರಿಫ್ಲೆಕ್ಟರುಗಳ ಸುತ್ತಲೂ ಖಾಲಿ ಬಿಡಿ.

ಅಕ್ಷರದ ಗಾತ್ರದ ಬಗ್ಗೆ ಬೋರ್ಡು ಬರೆಯುವವರಲ್ಲಿ ಒಂದು ರೂಢಿಯ ಲೆಕ್ಕವಿದೆ: ಒಂದು ಇಂಚು ಎತ್ತರದ ಅಕ್ಷರವನ್ನು ಸುಮಾರು ಹತ್ತು ಅಡಿ ದೂರದಿಂದ ಸಲೀಸಾಗಿ ಓದಬಹುದು. ಕನ್ನಡಕ್ಕೆ ಬಂದಾಗ ಈ ಲೆಕ್ಕವನ್ನು ಸ್ವಲ್ಪ ಹಿಗ್ಗಿಸಬೇಕಾಗುತ್ತದೆ, ಏಕೆಂದರೆ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು, ಅದೇ ಎತ್ತರದ ಪಟ್ಟಿಯಲ್ಲಿ ಮೂಲಾಕ್ಷರಕ್ಕೆ ಸಿಗುವ ಜಾಗ ಕಡಿಮೆಯಾಗುತ್ತದೆ. "ಲಕ್ಷ್ಮೀ" ಎಂದು ಆರಂಭವಾಗುವ ಅಂಗಡಿಯ ಹೆಸರನ್ನು ಎರಡಿಂಚಿನ ಪಟ್ಟಿಯಲ್ಲಿ ಕತ್ತರಿಸಿ ನೋಡಿದರೆ ಇದು ತಾನಾಗಿಯೇ ತಿಳಿಯುತ್ತದೆ. ಆ "ಕ್ಷ್ಮೀ" ಹತ್ತು ಹೆಜ್ಜೆ ದೂರದಿಂದ ಒಂದು ಉಂಡೆಯಂತೆ ಕಾಣುತ್ತದೆ. ಫೋನ್ ನಂಬರು, ವಿಳಾಸ, ಕ್ಯೂಆರ್ ಕೋಡ್ ಎಲ್ಲವನ್ನೂ ತುರುಕಿದರೆ ಹೆದ್ದಾರಿಯಲ್ಲಿ ಓಡುವ ವಾಹನದ ಮೇಲಿಂದ ಒಂದನ್ನೂ ಓದಲಾಗದು. ಓಡುವಾಗ ಕಾಣಬೇಕಾದದ್ದು ಹೆಸರು ಮತ್ತು ಊರು ಮಾತ್ರ. ಕೋಡನ್ನು ವಾಹನ ನಿಂತಾಗ ಪಕ್ಕದಲ್ಲಿಡುವ ಫಲಕಕ್ಕೆ ಬಿಡಿ.

ರ‍್ಯಾಲಿ ಅಥವಾ ಆಟೊಕ್ರಾಸ್‌ನಲ್ಲಿ ಭಾಗವಹಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆಯ ಸ್ಪರ್ಧೆಗಳಲ್ಲಿ ಸ್ಪರ್ಧಾ ಸಂಖ್ಯೆಗೂ ಆಯೋಜಕರ ಜಾಹೀರಾತಿಗೂ ವಾಹನದ ಮೇಲೆ ಜಾಗ ಕಾದಿರಿಸುವ ಪದ್ಧತಿ ಇದೆ. ಆ ಸ್ಪರ್ಧೆಯ ನಿಯಮಾವಳಿಯನ್ನು ಓದದೆ ಬಾಗಿಲನ್ನು ಮಾರಿದರೆ, ಒಂದೇ ಬಾಗಿಲು ಇಬ್ಬರಿಗೆ ಮಾರಿದಂತಾಗುತ್ತದೆ.

ಹಂತ 3: ಮೂವತ್ತು ದಿನದ ಲೆಕ್ಕ ಬರೆಯುವುದು

ಒಂದು ತಿಂಗಳ ಕಾಲ ವಾಹನ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಎಷ್ಟು ಮಂದಿ ಹತ್ತಿರ ಬಂದು ಮಾತನಾಡಿಸಿದರು, ಏನು ಕೇಳಿದರು ಎಂಬುದನ್ನು ದಿನವೂ ಬರೆಯಿರಿ. ಭಾನುವಾರ ಸಂಜೆ ಮಲ್ಪೆಯಲ್ಲಿ ಎರಡು ಗಂಟೆ ನಿಂತದ್ದು ಮತ್ತು ಮಣಿಪಾಲದ ಕಾಲೇಜು ರಸ್ತೆಯಲ್ಲಿ ಅರ್ಧ ಗಂಟೆ ನಿಂತದ್ದು ಬೇರೆ ಬೇರೆ ಬಗೆಯ ಗಿರಾಕಿಗಳ ಲೆಕ್ಕ. "ಈ ಟಯರ್ ಎಲ್ಲಿ ಸಿಕ್ಕಿತು?" ಎಂದು ಕೇಳಿದವರ ಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ಬರೆಯಿರಿ, ಟಯರ್ ಅಂಗಡಿಯವರಿಗೆ ಉಳಿದೆಲ್ಲ ಅಂಕಿಗಳಿಗಿಂತ ಅದು ದೊಡ್ಡದು.

ಇನ್‌ಸ್ಟಾಗ್ರಾಂ ಪುಟವಿದ್ದರೆ ಅನುಯಾಯಿಗಳ ಒಟ್ಟು ಸಂಖ್ಯೆಗಿಂತ ಅವರ ಊರುಗಳ ಪಟ್ಟಿ ಮುಖ್ಯ. ಇಪ್ಪತ್ತು ಸಾವಿರ ಮಂದಿಯಲ್ಲಿ ಮಂಗಳೂರು–ಉಡುಪಿಯವರು ಏಳುನೂರು ಮಂದಿಯಾದರೆ, ಉಡುಪಿಯ ಕಲ್ಸಂಕದ ಬ್ಯಾಟರಿ ಅಂಗಡಿಗೆ ನಿಮ್ಮ ಬೆಲೆ ಆ ಏಳುನೂರು ಮಂದಿ ಮಾತ್ರ. ದುಡ್ಡು ಕೊಟ್ಟು ಕೊಂಡ ಅನುಯಾಯಿಗಳು ಈ ಪಟ್ಟಿಯಲ್ಲಿ ಕೂಡಲೇ ಸಿಕ್ಕಿಬೀಳುತ್ತಾರೆ.

ಹಂತ 4: ಯಾರನ್ನು ಕೇಳುವುದು

ದೊಡ್ಡ ಕಂಪನಿಗಳ ಮುಖ್ಯ ಕಚೇರಿಗೆ ಇಮೇಲ್ ಕಳಿಸುವುದರಲ್ಲಿ ಮೊದಲ ವರ್ಷ ಕಳೆಯಬೇಡಿ. ನಿಮ್ಮ ವಾಹನದಲ್ಲಿ ಈಗಾಗಲೇ ಇರುವ ವಸ್ತುವನ್ನು ಮಾರುವ, ನಿಮ್ಮೂರಿನಿಂದ ಮೂವತ್ತು ಕಿಲೋಮೀಟರ್ ಒಳಗಿನ ಹತ್ತು ಅಂಗಡಿಗಳ ಪಟ್ಟಿ ಮಾಡಿ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದರಿಂದಲೂ, ಉಪ್ಪುಗಾಳಿ ತಗಡನ್ನು ತಿನ್ನುವುದರಿಂದಲೂ, ತುಕ್ಕು ತಡೆಯುವ ಅಂಡರ್‌ಬಾಡಿ ಕೋಟಿಂಗ್ ಮಾಡುವವರು ನನ್ನ ಅನುಭವದಲ್ಲಿ ಬೇಗ ಕಿವಿಗೊಡುತ್ತಾರೆ. ಅವರ ಕೆಲಸ ಗಿರಾಕಿಯ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಜೀಪನ್ನು ಎತ್ತಿ ನಿಲ್ಲಿಸಿ ಅಡಿಭಾಗ ತೋರಿಸಿದರೆ ಕಾಣುತ್ತದೆ.

ಹೆಲ್ಮೆಟ್ ಮಾರುವವರಾದರೆ ಐಎಸ್‌ಐ ಗುರುತಿನದನ್ನು ಮಾತ್ರ ಒಪ್ಪಿಕೊಳ್ಳಿ. 2021ರ ಜೂನ್ 1ರಿಂದ ಆ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೇ ಅಪರಾಧ. ತಂಬಾಕು ಉತ್ಪನ್ನಗಳ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರ ಕಾಯ್ದೆ ಅಪರಾಧವೆಂದು ಹೇಳುತ್ತದೆ. ಎಲ್ಲರಿಗಿಂತ ಹೆಚ್ಚು ಹಣದ ಆಸೆ ತೋರಿಸಿ ಬರುವುದು ಇಂಥ ಆ್ಯಪ್‌ಗಳ ದಲ್ಲಾಳಿಗಳೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಂತ 5: ಬೆಲೆ ಕಟ್ಟುವುದು

ವಾಹನಕ್ಕೆ ಸುರಿದ ಹಣವನ್ನು ಪ್ರಾಯೋಜಕರಿಂದ ವಸೂಲು ಮಾಡಲು ಹೊರಡುವುದು ಇಲ್ಲಿನ ದೊಡ್ಡ ತಪ್ಪು. "ನಾಲ್ಕು ಲಕ್ಷ ಖರ್ಚಾಗಿದೆ" ಎಂಬುದು ನಿಮ್ಮ ಹವ್ಯಾಸದ ಲೆಕ್ಕ. ಅಂಗಡಿಯವರಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ.

ಮೂರು ಅಂಶಗಳನ್ನು ಕೂಡಿಸಿ ಬೆಲೆ ಕಟ್ಟಿ: ಸ್ಟಿಕ್ಕರ್ ಮುದ್ರಿಸಿ ಅಂಟಿಸಿ ಕೊನೆಗೆ ತೆಗೆಯುವ ಖರ್ಚು, ಪ್ರದರ್ಶನಗಳಿಗೆ ಹೋಗಿಬರುವ ಇಂಧನ ಮತ್ತು ಸಾಗಾಟ, ನಿಮ್ಮ ಸಮಯ. ಉದಾಹರಣೆಗೆ ಇವು ಕ್ರಮವಾಗಿ 3,000, 5,000 ಮತ್ತು 4,000 ಆದರೆ ಆರು ತಿಂಗಳಿಗೆ 12,000 ರೂಪಾಯಿ, ಅಂದರೆ ತಿಂಗಳಿಗೆ 2,000. ಆಮೇಲೆ ಅಂಗಡಿಯವರ ಸ್ಥಾನದಲ್ಲಿ ಕುಳಿತು ಯೋಚಿಸಿ. ಒಂದು ಜೊತೆ ಟಯರಿನಲ್ಲಿ ಅವರಿಗೆ 500 ರೂಪಾಯಿ ಉಳಿಯುವುದಾದರೆ, ತಿಂಗಳಿಗೆ ನಾಲ್ಕು ಹೊಸ ಗಿರಾಕಿಗಳು ಬಂದಾಗ ಮಾತ್ರ ಈ ವ್ಯವಹಾರ ಅವರಿಗೆ ಸರಿದೂಗುತ್ತದೆ. ಆ ನಾಲ್ವರನ್ನು ಕರೆತರುವ ದಾರಿ ನಿಮಗೆ ಕಾಣದಿದ್ದರೆ ಹಣ ಕೇಳಬೇಡಿ; ವಸ್ತು ಅಥವಾ ರಿಯಾಯಿತಿ ಕೇಳಿ. ಮೊದಲ ಸಲದ ಪ್ರಾಯೋಜಕತ್ವ ಸಾಮಾನ್ಯವಾಗಿ ಹಾಗೆಯೇ ಆರಂಭವಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅವಧಿಯನ್ನು ಇಂಗ್ಲಿಷ್ ತಿಂಗಳುಗಳಿಗಿಂತ ಊರಿನ ಹಂಗಾಮಿಗೆ ಹೊಂದಿಸುವುದು ಮೇಲು. ದೀಪಾವಳಿಯಿಂದ ಮೇ ಕೊನೆಯ ಹೊತ್ತಿನ ಪತ್ತನಾಜೆಯವರೆಗೆ ಜಾತ್ರೆ, ಕೋಲ, ಕಂಬಳ, ಮದುವೆಗಳಿಂದಾಗಿ ಜನ ಹೊರಗಿರುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ವಾಹನ ಶೆಡ್ಡಿನಲ್ಲಿರುತ್ತದೆ, ಗಿರಾಕಿಗಳು ಮನೆಯಲ್ಲಿರುತ್ತಾರೆ.

ಹಂತ 6: ಪತ್ರ ಮತ್ತು ಭೇಟಿ

ಈಗ ಪತ್ರ ಬರೆಯಿರಿ, ಒಂದೇ ಪುಟ. ನಾಲ್ಕು ಪ್ಯಾರಾ ಸಾಕು: ನೀವು ಯಾರು ಮತ್ತು ವಾಹನ ಯಾವುದು; ಮೂವತ್ತು ದಿನದ ಲೆಕ್ಕ; ಯಾವ ಜಾಗ, ಎಷ್ಟು ಅವಧಿ, ಏನು ಕೊಡಬೇಕು; ನೀವು ತಿಂಗಳಿಗೊಮ್ಮೆ ಏನನ್ನು ವರದಿ ಮಾಡುತ್ತೀರಿ. ಎರಡನೆಯ ಪ್ಯಾರಾ ಹೀಗಿರಬಹುದು:

"ಕಳೆದ ಮೂವತ್ತು ದಿನಗಳಲ್ಲಿ ನನ್ನ ಜೀಪು ಮಲ್ಪೆ, ಕಾಪು ಮತ್ತು ಪಣಂಬೂರಿನಲ್ಲಿ ಒಟ್ಟು 19 ಗಂಟೆ ನಿಂತಿತ್ತು. 64 ಮಂದಿ ಹತ್ತಿರ ಬಂದು ವಿಚಾರಿಸಿದರು; ಅವರಲ್ಲಿ 11 ಮಂದಿ ಟಯರಿನ ಬಗ್ಗೆಯೇ ಕೇಳಿದರು. ಆ ಟಯರುಗಳನ್ನು ನಾನು ಕಳೆದ ವರ್ಷ ತಮ್ಮ ಅಂಗಡಿಯಲ್ಲಿಯೇ ಖರೀದಿಸಿದ್ದು, ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇನೆ."

ಇಂಥ ಪತ್ರವನ್ನು ಅಂಚೆಗೆ ಹಾಕದೆ ಕೈಯಲ್ಲಿ ಹಿಡಿದುಕೊಂಡು ಹೋಗಿ, ವಾಹನವನ್ನೂ ತೆಗೆದುಕೊಂಡು ಹೋಗಿ. ಬೆಳಗ್ಗೆ ಅಂಗಡಿ ತೆರೆದು ದೀಪ ಹಚ್ಚುವ ಹೊತ್ತು ಮತ್ತು ರಾತ್ರಿ ಲೆಕ್ಕ ಮುಚ್ಚುವ ಹೊತ್ತು ಬೇಡ. ಊಟದ ನಂತರ, ಮಧ್ಯಾಹ್ನ ಮೂರು ಗಂಟೆಯ ಹೊತ್ತು ಒಳ್ಳೆಯದು. ನವರಾತ್ರಿಗೆ ಒಂದು ತಿಂಗಳು ಮೊದಲೇ ಹೋಗಿ, ಏಕೆಂದರೆ ದಸರಾ ಸಮೀಪಿಸಿದರೆ ಹುಲಿವೇಷದ ತಂಡಗಳು, ಸ್ತಬ್ಧಚಿತ್ರದ ಸಮಿತಿಗಳು ಅವರ ವರ್ಷದ ಪ್ರಚಾರದ ಹಣವನ್ನು ಮುಗಿಸಿರುತ್ತವೆ. ಯಜಮಾನರು ಹಾಗೆಯೇ ಒಂದು ನೋಟು ಕೊಟ್ಟು ಕಳಿಸಲು ನೋಡಿದರೆ ತೆಗೆದುಕೊಳ್ಳಬೇಡಿ. ವಂತಿಗೆ ಪಡೆದವನು ಮರುವರ್ಷವೂ ವಂತಿಗೆಯವನೇ.

ಹಂತ 7: ಒಪ್ಪಂದ ಬರೆಯುವುದು

ಪರಿಚಯದವರೆಂದು ಬಿಡಬೇಡಿ. ಇ-ಸ್ಟಾಂಪ್ ಕಾಗದದಲ್ಲಿ ಜಾಗ, ಅಳತೆ, ಅವಧಿ, ಕೊಡುವ ಹಣ ಅಥವಾ ವಸ್ತು, ಎಷ್ಟು ಪ್ರದರ್ಶನ, ಎಷ್ಟು ವಿಡಿಯೊ ಎಂಬುದೆಲ್ಲ ಇರಲಿ. ಮೂರು ವಿಷಯಗಳನ್ನು ಜನ ಮರೆಯುತ್ತಾರೆ: ಅದೇ ವಸ್ತುವನ್ನು ಮಾರುವ ಇನ್ನೊಬ್ಬರಿಗೆ ಜಾಗ ಕೊಡಬಹುದೇ, ವಾಹನವನ್ನು ಮಧ್ಯದಲ್ಲಿ ಮಾರಿದರೆ ಏನು, ಅವಧಿ ಮುಗಿದ ಮೇಲೆ ಸ್ಟಿಕ್ಕರ್ ತೆಗೆಯುವವರು ಯಾರು. ವಸ್ತು ಕೆಟ್ಟುಹೋದರೆ ಅದನ್ನು ಬಹಿರಂಗವಾಗಿ ಹೇಳುವ ಸ್ವಾತಂತ್ರ್ಯ ನಿಮಗಿರಬೇಕೆಂಬ ಸಾಲನ್ನೂ ಸೇರಿಸಿ. ಅದಕ್ಕೆ ಒಪ್ಪದವರ ಮಾಲಿನ ಬಗ್ಗೆ ನನಗಂತೂ ಅನುಮಾನ.

ಹಂತ 8: ಸ್ಟಿಕ್ಕರ್ ಅಂಟಿಸುವುದು

ಇದು ನನ್ನದೇ ಕಸುಬಾದ್ದರಿಂದ ನನ್ನದೇ ತಪ್ಪನ್ನು ಹೇಳುತ್ತೇನೆ. ನನ್ನ ಜೀಪಿನ ಬಾನೆಟ್‌ಗೆ ಪುಟ್ಟಿ ಹಾಕಿ ಹೊಸದಾಗಿ ಪೇಂಟ್ ಹೊಡೆಸಿದ ಆರನೆಯ ದಿನವೇ, ಪ್ರದರ್ಶನದ ತುರ್ತಿಗೆ ಬಿದ್ದು, ಪ್ರಾಯೋಜಕರ ಹೆಸರನ್ನು ಅಂಟಿಸಿದೆ. ವಾರದೊಳಗೆ ಅಕ್ಕಿಕಾಳಿನಷ್ಟು ದಪ್ಪದ ಗುಳ್ಳೆಗಳೆದ್ದವು. ತೆಗೆಯಲು ಹೋದಾಗ ಅಂಗೈಯಗಲದ ಪೇಂಟ್ ಸ್ಟಿಕ್ಕರಿನ ಜೊತೆಗೆ ಎದ್ದು ಬಂದು ಬೂದುಬಣ್ಣದ ಪ್ರೈಮರ್ ಕಾಣಿಸಿತು. ಹೊಸ ಪೇಂಟಿನಿಂದ ದ್ರಾವಕದ ಆವಿ ಹೊರಬರುತ್ತಲೇ ಇರುತ್ತದೆ. ಅದಕ್ಕೆ ದಾರಿಯಿಲ್ಲದಂತೆ ವಿನೈಲ್ ಮುಚ್ಚಿದರೆ ಆಗುವುದು ಇದೇ. ಗಾಳಿಯಲ್ಲಿ ಒಣಗಿದ ಪೇಂಟಿಗೆ ಮೂರ್ನಾಲ್ಕು ವಾರ ಬಿಡಿ.

ವಿನೈಲಿನಲ್ಲಿ ಕ್ಯಾಸ್ಟ್ ಮತ್ತು ಕ್ಯಾಲೆಂಡರ್ಡ್ ಎಂದು ಎರಡು ಬಗೆ. ಕ್ಯಾಲೆಂಡರ್ಡ್ ಅಗ್ಗ, ಆದರೆ ದಪ್ಪ. ಬಿಸಿಲಿಗೆ ಕುಗ್ಗುವುದರಿಂದ ಬಾಗಿದ ಜಾಗದಲ್ಲಿ ಅಂಚು ಏಳುತ್ತದೆ. ಬಾಗಿಲಿನಂಥ ಸಮತಟ್ಟಿಗೆ ಅದು ಸಾಕು. ಟ್ಯಾಂಕಿಗೆ, ಮಡ್‌ಗಾರ್ಡಿಗೆ ಕ್ಯಾಸ್ಟ್ ವಿನೈಲನ್ನೇ ಹಾಕಿಸಿ. ಮುದ್ರಿಸಿದ ಸ್ಟಿಕ್ಕರಾದರೆ ಮೇಲೆ ಲ್ಯಾಮಿನೇಷನ್ ಇರಲೇಬೇಕು, ಇಲ್ಲವಾದರೆ ಒಂದು ಬೇಸಗೆಯಲ್ಲಿ ಕೆಂಪು ಗುಲಾಬಿಯಾಗುತ್ತದೆ.

ಕ್ರಮ ಹೀಗೆ. ಶಾಂಪೂ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪಾಲಿಶ್, ಮೇಣ, ಉಪ್ಪಿನ ಪದರ ಹೋಗುವಂತೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಮಾಸ್ಕಿಂಗ್ ಟೇಪಿನಿಂದ ಜಾಗ ಗುರುತಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಅಂಟಿಸಿದ ಮೇಲೆ ಓರೆಯಾಗಿದೆಯೆಂದು ಗೊತ್ತಾದರೆ ಪ್ರಯೋಜನವಿಲ್ಲ. ನೆರಳಿನಲ್ಲಿ, ಗಾಳಿಗೆ ಧೂಳು ಹಾರದ ಕಡೆ, ನಡುವಿನಿಂದ ಅಂಚಿನ ಕಡೆಗೆ ಸ್ಕ್ವೀಜಿಯಿಂದ (ಒತ್ತಲು ಬಳಸುವ ಚಪ್ಪಟೆ ಪಟ್ಟಿ) ಒತ್ತುತ್ತಾ ಹೋಗಿ. ಕೊನೆಗೆ ಅಂಚುಗಳಿಗೆ ಹೀಟ್ ಗನ್ ಹಿಡಿದು ಇನ್ನೊಮ್ಮೆ ಒತ್ತಿ. ಮಳೆಗಾಲದಲ್ಲಿ ಅಂಟಿಸಲೇಬೇಕಾದರೆ ವಾಹನವನ್ನು ಹಿಂದಿನ ರಾತ್ರಿಯೇ ಶೆಡ್ಡಿನೊಳಗೆ ನಿಲ್ಲಿಸಿ. ಬಾಗಿಲ ರಬ್ಬರ್ ಬೀಡಿಂಗಿನ ಸಂದಿಯಲ್ಲಿ ನಿಂತ ನೀರು ಅಂಟಿಸುವಾಗಲೇ ಹೊರಗಿಳಿಯುವುದು ನಮ್ಮ ಕಡೆ ಮಾಮೂಲು.

ಹಂತ 9: ಘೋಷಣೆ ಮತ್ತು ತೆರಿಗೆ

ಹಣ ಅಥವಾ ವಸ್ತು ಪಡೆದು ವಿಡಿಯೊ ಹಾಕಿದರೆ ಅದು ಜಾಹೀರಾತೆಂದು ತಿಳಿಸಲೇಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಈ ಕುರಿತ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. 15 ಸೆಕೆಂಡು ಅಥವಾ ಅದಕ್ಕಿಂತ ಚಿಕ್ಕ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡು, ಎರಡು ನಿಮಿಷದೊಳಗಿನದರಲ್ಲಿ ಮೂರನೆಯ ಒಂದು ಭಾಗದಷ್ಟು ಹೊತ್ತು, ಅದಕ್ಕಿಂತ ದೊಡ್ಡದರಲ್ಲಿ ಆ ವಸ್ತುವಿನ ಪ್ರಸ್ತಾಪವಿರುವ ಭಾಗದುದ್ದಕ್ಕೂ ಘೋಷಣೆ ಕಾಣಬೇಕು. ತುಳು ಅಥವಾ ಕನ್ನಡದ ವಿಡಿಯೊದಲ್ಲಿ ನೋಡುಗರಿಗೆ ಅರ್ಥವಾಗುವಂತೆ "ಜಾಹೀರಾತು" ಎಂದೇ ಬರೆಯಿರಿ. ಹ್ಯಾಷ್‌ಟ್ಯಾಗ್‌ಗಳ ರಾಶಿಯ ತಳದಲ್ಲಿ ಅಡಗಿಸಿಟ್ಟರೆ ಅದು ಘೋಷಣೆಯಾಗುವುದಿಲ್ಲ. ದಾರಿತಪ್ಪಿಸುವ ಜಾಹೀರಾತಿಗಾಗಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಬಳಸದ ವಸ್ತುವನ್ನು "ಬಳಸಿ ನೋಡಿದೆ" ಎನ್ನಬಾರದು.

ತೆರಿಗೆಯಲ್ಲಿ ಹೆಚ್ಚಿನವರಿಗೆ ತಿಳಿಯದಿರುವುದು ವಸ್ತುರೂಪದ ಕೊಡುಗೆಯ ವಿಚಾರ. ವ್ಯವಹಾರದ ಸಂಬಂಧ ಕೊಡುವ ಇಂಥ ಸೌಲಭ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಕೊಡುವವರು ಶೇ 10ರಷ್ಟು ತೆರಿಗೆ ಮುರಿದು ಕಟ್ಟಬೇಕೆಂಬ ನಿಯಮ 2022ರ ಜುಲೈ 1ರಿಂದ ಬಂದಿದೆ. ವಿಡಿಯೊ ಮಾಡಿದ ಮೇಲೆ ವಸ್ತುವನ್ನು ಹಿಂದಿರುಗಿಸಿದರೆ ಅದು ಸೌಲಭ್ಯವಲ್ಲ, ಇಟ್ಟುಕೊಂಡರೆ ಹೌದು. ಕೊಡುವವರು ಕಂಪನಿಯಲ್ಲದೆ ಒಬ್ಬ ವ್ಯಕ್ತಿಯಾಗಿದ್ದು, ವ್ಯಾಪಾರದ ವಾರ್ಷಿಕ ವಹಿವಾಟು ಒಂದು ಕೋಟಿ ಮೀರದಿದ್ದರೆ ಅವರಿಗೆ ಇದರಿಂದ ವಿನಾಯಿತಿ ಇದೆ. ಹಾಗಿದ್ದರೂ ನಿಮ್ಮ ಆದಾಯದಲ್ಲಿ ಅದನ್ನು ತೋರಿಸುವ ಹೊಣೆ ತಪ್ಪುವುದಿಲ್ಲ.

ಎಚ್ಚರಿಕೆಯ ಲಕ್ಷಣಗಳು

"ನಿಮ್ಮ ಬೈಕಿಗೆ ನಮ್ಮ ಸ್ಟಿಕ್ಕರ್ ಹಾಕಿ ತಿಂಗಳಿಗೆ ಇಷ್ಟು ಸಾವಿರ ಗಳಿಸಿ" ಎಂಬ ಸಂದೇಶ ಬಂದು, ಮೊದಲು ನೋಂದಣಿ ಶುಲ್ಕ ಕಟ್ಟಲು ಹೇಳಿದರೆ ಅದು ವಂಚನೆ. ಪ್ರಾಯೋಜಕತ್ವದಲ್ಲಿ ಹಣ ಯಾವತ್ತೂ ನಿಮ್ಮ ಕಡೆಗೆ ಹರಿಯಬೇಕು. ಹೆಚ್ಚುವರಿ ಹಣ ಹಾಕಿದ್ದೇವೆ, ಉಳಿದದ್ದನ್ನು ಸ್ಟಿಕ್ಕರ್ ಅಂಗಡಿಗೆ ವರ್ಗಾಯಿಸಿ ಎನ್ನುವುದೂ ಇದೇ ಜಾತಿಯದು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

"ಶೇ 40 ರಿಯಾಯಿತಿಯಲ್ಲಿ ನಮ್ಮ ರಾಯಭಾರಿಯಾಗಿ" ಎನ್ನುವವರು ವಂಚಕರಲ್ಲದಿರಬಹುದು, ಆದರೆ ಅವರಿಗೆ ಬೇಕಿರುವುದು ಗಿರಾಕಿ.

ಹಂತ 10: ವರದಿ, ಮತ್ತು ಸ್ಟಿಕ್ಕರ್ ತೆಗೆಯುವುದು

ಪ್ರತಿ ತಿಂಗಳ ಮೊದಲ ವಾರ ಒಂದು ಪುಟದ ವರದಿ ಕೊಡಿ: ಎಲ್ಲೆಲ್ಲಿ ಹೋದಿರಿ, ನಾಲ್ಕು ಫೋಟೊ, ನಿಮ್ಮ ಹೆಸರು ಹೇಳಿ ಅಂಗಡಿಗೆ ಬಂದವರ ಸಂಖ್ಯೆ. ಈ ಕೊನೆಯ ಅಂಕಿಗಾಗಿ ಅಂಗಡಿಯ ಕೌಂಟರಿನಲ್ಲಿ ಒಂದು ಚಿಕ್ಕ ಪುಸ್ತಕ ಇಡಿಸಿ, ಬಿಲ್ ಬರೆಯುವವರೊಡನೆ ಸ್ನೇಹದಿಂದಿರಿ. ಬಂದವರೊಬ್ಬರಿಗೆ ಒಂದರಂತೆ ಆ ಪುಸ್ತಕದಲ್ಲಿ ಗೀಟು ಎಳೆಯುವವರು ಅವರೇ. ಸಂಖ್ಯೆ ಕಡಿಮೆಯಿದ್ದರೂ ಇದ್ದದ್ದನ್ನೇ ಬರೆಯಿರಿ, ಯಜಮಾನರ ಬಳಿ ಅದೇ ಪುಸ್ತಕ ಇರುತ್ತದೆ.

ಅವಧಿ ಮುಗಿದ ವಾರದಲ್ಲಿಯೇ ಸ್ಟಿಕ್ಕರ್ ತೆಗೆಯಿರಿ. ಹೀಟ್ ಗನ್ನಿನಿಂದ ಕೈಗೆ ಬಿಸಿ ತಾಗುವಷ್ಟು ಮಾತ್ರ ಕಾಯಿಸಿ, ಒಂದು ಮೂಲೆಯಿಂದ ಹಿಡಿದು, ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಬೇಕು. ಉಳಿದ ಅಂಟಿಗೆ ಸೀಮೆಎಣ್ಣೆ ಸಾಕು. ಥಿನ್ನರ್ ಹಾಕಿದರೆ ಪೇಂಟಿನ ಹೊಳಪೂ ಹೋಗುತ್ತದೆ. ಕೆಳಗಿನ ಪೇಂಟ್ ಸುತ್ತಲಿನದಕ್ಕಿಂತ ಗಾಢವಾಗಿ ಕಂಡು ಅಂಗಡಿಯ ಹೆಸರನ್ನು ಆಗಲೂ ಓದುವಂತಿದ್ದರೆ, ಪಾಲಿಶ್ ಹಾಕುವ ಮೊದಲು ಅದರ ಒಂದು ಫೋಟೊ ತೆಗೆದು ಕೊನೆಯ ವರದಿಯ ಜೊತೆ ಲಗತ್ತಿಸಿ.